ಎಂಬತ್ತು ರೂಪಾಯಿಯ ಬಂಡವಾಳ

ಕೈಯಲ್ಲಿ ಕಸುಬಿದ್ದೂ ಕಾಸಿಲ್ಲದವರ ಮುಂದೆ ಮೂರು ದಾರಿಗಳಿರುತ್ತವೆ. ಅವರು ದಾನ ಬೇಡಬಹುದು, ಸಾಲ ತರಬಹುದು, ಸರ್ಕಾರದ ನೆರವನ್ನು ಕೋರಬಹುದು. ಮುಂಬಯಿಯ ಏಳು ಮಂದಿ ಗೃಹಿಣಿಯರು ಮೊದಲನೆಯ ದಾರಿಯನ್ನು ತುಳಿಯಲೇ ಇಲ್ಲ. ಎರಡನೆಯದರಿಂದ ಹೊರಟು, ಏಳು ವರ್ಷಗಳ ತರುವಾಯ ಮೂರನೆಯದನ್ನು ಸೇರಿದರು.

1959ರ ಮಾರ್ಚ್ 15ರಂದು ಗಿರ್‌ಗಾಂವ್ ಬಡಾವಣೆಯ ಲೋಹಾಣಾ ನಿವಾಸವೆಂಬ ಕಟ್ಟಡದ ತಾರಸಿಯ ಮೇಲೆ ಈ ಗೃಹಿಣಿಯರು ಹಪ್ಪಳ ಲಟ್ಟಿಸಲು ಕುಳಿತರು. ಅವರು ಗುಜರಾತಿ ಮನೆಮಾತಿನ ಸಾಧಾರಣ ಕುಟುಂಬಗಳ ಹೆಂಗಸರು. ಅಡಿಗೆಮನೆಯಲ್ಲಿ ಕಲಿತ ವಿದ್ಯೆಯೇ ಅವರ ಆಸ್ತಿ. ಬಂಡವಾಳವಾದರೋ 80 ರೂಪಾಯಿ. ಅದೂ ಛಗನ್‌ಲಾಲ್ ಕರಮ್‌ಸಿ ಪಾರೇಖ್ ಎಂಬ ಸಮಾಜಸೇವಕರಿಂದ ಪಡೆದ ಸಾಲ. ಆ ಹಣದಿಂದ, ನಷ್ಟದಲ್ಲಿದ್ದ ಒಂದು ಹಪ್ಪಳದ ಉದ್ಯಮವನ್ನು ವಹಿಸಿಕೊಂಡು ಬೇಕಾದ ಸಾಮಗ್ರಿಗಳನ್ನು ಕೊಂಡರು. ಮೊದಲ ದಿನ ಸಿದ್ಧವಾದವು ನಾಲ್ಕೇ ಪೊಟ್ಟಣಗಳು. ಅವುಗಳನ್ನು ಭುಲೇಶ್ವರದ ಪರಿಚಿತ ವರ್ತಕರೊಬ್ಬರಿಗೆ ಮಾರಿದರು.

ಛಗನ್‌ಬಾಪಾ ಎಂದು ಕರೆಯಲ್ಪಡುತ್ತಿದ್ದ ಪಾರೇಖರು ಹಣ ಕೊಟ್ಟು ಸುಮ್ಮನಾಗಲಿಲ್ಲ. ಆರಂಭದಲ್ಲಿ ಗೃಹಿಣಿಯರು ಎರಡು ಬಗೆಯ ಹಪ್ಪಳಗಳನ್ನು ಮಾಡುತ್ತಿದ್ದರು. ಕೀಳು ಬಗೆಯದನ್ನು ಕಡಿಮೆ ಬೆಲೆಗೆ ಮಾರುವುದು ಅವರ ಉದ್ದೇಶ. ಗುಣಮಟ್ಟದಲ್ಲಿ ಎಂದಿಗೂ ರಾಜಿ ಸಲ್ಲದೆಂದು ಬಾಪಾ ತಿಳಿಹೇಳಿ, ಒಂದೇ ಬಗೆಯನ್ನು ಮಾಡಿಸಿದರು. ಲೆಕ್ಕಪತ್ರಗಳನ್ನು ಕ್ರಮವಾಗಿ ಇಡಬೇಕೆಂದು ಒತ್ತಾಯಿಸಿದರು. ನಷ್ಟವಾದರೂ ಯಾರ ಬಳಿಯೂ ದಾನಕ್ಕಾಗಿ ಕೈಚಾಚಬಾರದೆಂಬ ನಿಯಮವೂ ಮೊದಲಲ್ಲೇ ನಿಶ್ಚಯವಾಗಿತ್ತು. ಬಡವರಿಗೆ ಇಂಥ ನಿಯಮ ಕಠಿಣವೆಂದು ತೋರಬಹುದು. ಆದರೆ ದಾನಿಯ ಕರುಣೆ ಬತ್ತಿದ ದಿನ ದಾನವನ್ನೇ ನಂಬಿದ ಉದ್ಯಮವೂ ನಿಲ್ಲುತ್ತದೆ. ಸಾಲವನ್ನು ತೀರಿಸಬೇಕಾದವರಾದರೋ ಗಿರಾಕಿಯ ನಾಲಗೆಯನ್ನು ಮೆಚ್ಚಿಸಲೇಬೇಕು.

ಮೊದಲ ವರ್ಷ ಮಳೆಗಾಲ ಬಂದಾಗ ಕೆಲಸವೇ ನಿಂತುಹೋಯಿತು. ಬಿಸಿಲಿಲ್ಲದೆ ಹಪ್ಪಳ ಒಣಗದೆಂಬುದನ್ನು ನಮ್ಮ ಕರಾವಳಿ ಮಲೆನಾಡುಗಳ ಮನೆಯವರೆಲ್ಲ ಬಲ್ಲರು. ನಾಲ್ಕು ತಿಂಗಳು ಉತ್ಪಾದನೆಯಿಲ್ಲ, ಆದಾಯವೂ ಇಲ್ಲ. ಮರುವರ್ಷ ಅವರು ಒಂದು ಮಂಚವನ್ನೂ ಒಂದು ಒಲೆಯನ್ನೂ ಕೊಂಡರು. ಮಂಚದ ಮೇಲೆ ಹಪ್ಪಳಗಳನ್ನು ಹರಡಿ ಕೆಳಗೆ ಒಲೆಯುರಿಸಿದರು! ಮಳೆಯ ತೊಡಕು ಇಷ್ಟರಿಂದಲೇ ಬಗೆಹರಿಯಿತು.

ಮೊದಲ ವರ್ಷದ ಮಾರಾಟ 6,196 ರೂಪಾಯಿ. ಮೂರನೆಯ ವರ್ಷದ ಹೊತ್ತಿಗೆ ಸದಸ್ಯೆಯರು ಮುನ್ನೂರನ್ನು ಮೀರಿ ತಾರಸಿಯಲ್ಲಿ ಸ್ಥಳ ಸಾಲದಾಯಿತು. ಕಲಸಿದ ಹಿಟ್ಟನ್ನು ಮನೆಗಳಿಗೆ ಹಂಚಿ, ಲಟ್ಟಿಸಿದ ಹಪ್ಪಳಗಳನ್ನು ಮರಳಿ ತರಿಸಿ ತೂಗುವ ಪದ್ಧತಿ ಆಗ ಬಂದಿತು. 1962ರಲ್ಲಿ ಹಪ್ಪಳಕ್ಕೆ ‘ಲಿಜ್ಜತ್’ ಎಂಬ ಹೆಸರಾಯಿತು. ರುಚಿ ಎಂಬುದು ಅದರ ಅರ್ಥ. ಹೆಸರು ಸೂಚಿಸಿದವರಿಗೆ ದೊರೆತ ಬಹುಮಾನ ಐದು ರೂಪಾಯಿ. 1962-63ರ ಮಾರಾಟ 1.82 ಲಕ್ಷ ರೂಪಾಯಿಗೆ ಏರಿತು.

ಬೇಳೆಗೂ ಮಸಾಲೆಗೂ ಲಟ್ಟಿಸಿದವರ ಕೂಲಿಗೂ ಹಣ ಮೊದಲೇ ಬೇಕು. ಮಾರಾಟದ ಹಣ ಬರುವುದು ಆಮೇಲೆ. ಈ ನಡುವಣ ಅವಧಿಯನ್ನು ದಾಟಿಸುವ ಹಣಕ್ಕೆ ದುಡಿಯುವ ಬಂಡವಾಳವೆಂದು ಹೆಸರು. ಉದ್ಯಮ ಬೆಳೆದಷ್ಟೂ ಇದರ ಅಗತ್ಯ ಬೆಳೆಯುತ್ತದೆ. ಗ್ರಾಮೋದ್ಯೋಗಗಳಿಗೆ ಇಂಥ ನೆರವು ನೀಡಲೆಂದೇ ಸಂಸತ್ತಿನ 1956ರ ಕಾಯಿದೆಯಂತೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ರಚಿತವಾಗಿತ್ತು. ಆದರೆ ತಾರಸಿಯ ಮೇಲಿನ ಗೆಳತಿಯರ ಗುಂಪಿಗೆ ಸರ್ಕಾರಿ ಹಣ ದೊರೆಯುವಂತಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅದೊಂದು ಸಂಸ್ಥೆಯಾಗಬೇಕು. 1966ರ ಜುಲೈಯಲ್ಲಿ ಅದು 1860ರ ಸಂಘಗಳ ನೋಂದಣಿ ಕಾಯಿದೆಯನ್ವಯ ನೋಂದಣಿಯಾಯಿತು. ಬಾಪಾ ಅವರ ಶಿಫಾರಸಿನ ಮೇರೆಗೆ ಆಯೋಗದ ಅಧ್ಯಕ್ಷರು ಸ್ವತಃ ಬಂದು ಕೆಲಸವನ್ನು ಪರಿಶೀಲಿಸಿದರು. ಶಿಫಾರಸು ಬಾಗಿಲನ್ನು ತೆರೆಸಿತು, ನಿಜ. ಆದರೆ ಒಳಗೆ ತೋರಿಸಲು ಏಳು ವರ್ಷಗಳ ದುಡಿಮೆಯೂ ಅದರ ಲೆಕ್ಕವೂ ಇದ್ದುವು.

ಅದೇ ಸೆಪ್ಟೆಂಬರಿನಲ್ಲಿ ಆಯೋಗವು ಸಂಸ್ಥೆಗೆ ಗ್ರಾಮೋದ್ಯೋಗವೆಂಬ ಮನ್ನಣೆಯಿತ್ತು, ತೆರಿಗೆ ವಿನಾಯಿತಿಯೊಡನೆ 8 ಲಕ್ಷ ರೂಪಾಯಿಗಳ ದುಡಿಯುವ ಬಂಡವಾಳವನ್ನು ಮಂಜೂರು ಮಾಡಿತು. ಮೊದಲ ಸಾಲದ ಹತ್ತು ಸಾವಿರ ಪಟ್ಟು! ಸಂಸ್ಥಾಪಕಿಯರಲ್ಲೊಬ್ಬರಾದ ಜಸವಂತಿಬೆನ್ ಜಮ್ನಾದಾಸ್ ಪೋಪಟ್ ಅವರು 2021ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದಾಗ ಸದಸ್ಯೆಯರ ಸಂಖ್ಯೆ ನಲವತ್ತು ಸಾವಿರವನ್ನು ದಾಟಿತ್ತು.