ಕಾರಿನ ಬಾಗಿಲು ತಾನಾಗಿಯೇ ಲಾಕ್ ಆಗುತ್ತಿದ್ದರೆ

ಜೂನ್ ಬಂತೆಂದರೆ ಮಂಗಳೂರಿನ ಪಂಪ್‌ವೆಲ್ ಸುತ್ತಮುತ್ತಲಿನ ಗ್ಯಾರೇಜುಗಳಿಗೆ ಒಂದೇ ಬಗೆಯ ದೂರು ಬರತೊಡಗುತ್ತದೆ. "ಸೆಂಟ್ರಲ್ ಲಾಕ್ ಸುಮ್ಮನೆ ಟಕ್ ಟಕ್ ಅಂತದೆ ಮಾರಾಯ್ರೆ, ವೈಪರ್ ತನ್ನಷ್ಟಕ್ಕೇ ಓಡ್ತದೆ, ಒಳಗಿನ ಲೈಟ್ ಆಫೇ ಆಗುದಿಲ್ಲ." ಹೇಳುವವರಲ್ಲಿ ಬಹಳ ಮಂದಿ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಹಾಗೇ ಬಂದವರು. ಅವರು ಮೊದಲು ಕೇಳುವುದು ಎಷ್ಟು ಖರ್ಚಾದೀತು ಎಂದು. ನಾನು ಮೊದಲು ಕೇಳುವುದು ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದು.

ಈ ಮೂರೂ ಕೆಲಸ ನೋಡಿಕೊಳ್ಳುವುದು ಬಾಡಿ ಕಂಟ್ರೋಲ್ ಮಾಡ್ಯೂಲ್, ಗ್ಯಾರೇಜಿನ ಮಾತಿನಲ್ಲಿ ಬಿಸಿಎಂ. ಡ್ಯಾಶ್‌ಬೋರ್ಡಿನ ಕೆಳಗೆ, ಹಲವು ಕಾರುಗಳಲ್ಲಿ ಫ್ಯೂಸ್ ಬಾಕ್ಸಿಗೆ ಅಂಟಿಕೊಂಡೇ ಇರುವ ಪ್ಲಾಸ್ಟಿಕ್ ಪೆಟ್ಟಿಗೆ ಅದು. ಬಾಗಿಲ ಲಾಕ್, ಪವರ್ ವಿಂಡೋ, ವೈಪರ್, ಹೆಡ್‌ಲೈಟ್, ಇಂಡಿಕೇಟರ್, ಕೆಲವು ಮಾದರಿಗಳಲ್ಲಿ ಕೀಲಿಯನ್ನು ಗುರುತಿಸುವ ಇಮ್ಮೊಬಿಲೈಸರ್ ಕೂಡ ಇದರ ಹಿಡಿತದಲ್ಲಿವೆ. ಹಿಂದಿನ ಕಾರುಗಳಲ್ಲಿ ಸ್ವಿಚ್ಚಿನಿಂದ ನೇರ ಮೋಟಾರಿಗೆ ವಯರ್ ಹೋಗುತ್ತಿತ್ತು. ಈಗ ಸ್ವಿಚ್ಚು ಒತ್ತಿದ ಸುದ್ದಿ ಬಿಸಿಎಂಗೆ ತಲಪುತ್ತದೆ, ಮೋಟಾರಿಗೆ ಕರೆಂಟು ಕೊಡುವುದು ಅದರ ಕೆಲಸ. ಇಂಜಿನ್, ಎಬಿಎಸ್, ಏರ್‌ಬ್ಯಾಗಿನ ಪೆಟ್ಟಿಗೆಗಳ ಜತೆ ಇದು ಮಾತಾಡುವುದು ಕ್ಯಾನ್ ಎಂಬ ಜೋಡಿ ವಯರಿನಲ್ಲಿ. ಜರ್ಮನಿಯ ಬಾಷ್ ಕಂಪೆನಿ 1986ರಲ್ಲಿ ಹೊರತಂದ ಏರ್ಪಾಡು ಇದು. ಕಾರು ಢಿಕ್ಕಿಯಾದಾಗ ಬಾಗಿಲುಗಳ ಲಾಕ್ ತೆಗೆಯಬೇಕೆಂಬ ಸಂದೇಶ ಹಲವು ಕಾರುಗಳಲ್ಲಿ ಬಿಸಿಎಂಗೇ ಬರುತ್ತದೆ. ಆದ್ದರಿಂದ ಲಾಕ್ ಕೈಕೊಟ್ಟದ್ದನ್ನು ಸ್ಟೀರಿಯೋ ಕೈಕೊಟ್ಟಷ್ಟು ಹಗುರವಾಗಿ ಕಾಣಬೇಡಿ.

ರಿಪೇರಿಯ ಮಾತಿಗೆ ಮೊದಲು ಮಕ್ಕಳ ವಿಷಯ ಮುಗಿಸಿಬಿಡುತ್ತೇನೆ. ಹಿಂದಿನ ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಹೆಚ್ಚಿನ ಕಾರುಗಳಲ್ಲಿ ಬರೀ ಒಂದು ಸನ್ನೆ, ಬಿಸಿಎಂಗೂ ಅದಕ್ಕೂ ಸಂಬಂಧವಿಲ್ಲ. ಅದು ಹಾಕಿದ್ದಾಗ ಒಳಗಿನ ಹಿಡಿ ಎಷ್ಟು ಎಳೆದರೂ ಬಾಗಿಲು ತೆರೆಯದು, ಹೊರಗಿನಿಂದಲೇ ತೆರೆಯಬೇಕು. ಅಷ್ಟರಲ್ಲಿ ಸೆಂಟ್ರಲ್ ಲಾಕ್ ತಾನಾಗಿ ಬಿದ್ದರೆ ಹೊರಗಿನ ಹಿಡಿಯೂ ಕೆಲಸಕ್ಕೆ ಬಾರದು. ಕೀಲಿ ಒಳಗೇ ಇದ್ದರಂತೂ ಮಗು ಗಾಜಿನಾಚೆ, ನೀವು ಈಚೆ. 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಬಳಿಯ ದ್ವಾರಪೂಡಿಯಲ್ಲಿ ನಿಂತಿದ್ದ ಕಾರಿನೊಳಗೆ ಸಿಕ್ಕಿಕೊಂಡು ನಾಲ್ವರು ಮಕ್ಕಳು ತೀರಿಕೊಂಡರು. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಶಾಖ ಏರುತ್ತದೆ. ಲಾಕಿನಲ್ಲಿ ತೊಂದರೆ ಕಾಣಿಸಿಕೊಂಡ ದಿನದಿಂದ ರಿಪೇರಿ ಮುಗಿಯುವ ತನಕ ಒಂದು ನಿಯಮ ಇಟ್ಟುಕೊಳ್ಳಿ: ಕೀಲಿ ಕೈಗೆ ಬಂದ ಮೇಲೆಯೇ ಬಾಗಿಲು ಹಾಕುವುದು, ಹಾಲಿನ ಪ್ಯಾಕೆಟ್ ತರುವಷ್ಟು ಹೊತ್ತಿಗೂ ಮಕ್ಕಳನ್ನು ಒಳಗೆ ಬಿಡದಿರುವುದು. ಹಿಂದಿನ ಸೀಟಿನಲ್ಲಿ ಮಕ್ಕಳ ಜತೆ ದೊಡ್ಡವರೊಬ್ಬರು ಕೂತರೆ ಇನ್ನೂ ಒಳ್ಳೆಯದು.

2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ಸೆಂಟ್ರಲ್ ಲಾಕ್ ಕೆಟ್ಟರೂ ಕೈಯಿಂದ ತೆರೆಯುವ ವ್ಯವಸ್ಥೆ ಇರಲೇಬೇಕೆಂಬ ನಿಯಮವಿದೆ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ, ಹೇಗೆ ಕೆಲಸ ಮಾಡುತ್ತದೆ ಎಂದು ಒಂದು ಭಾನುವಾರ ಅಂಗಳದಲ್ಲಿ ನಿಲ್ಲಿಸಿ ನೋಡಿ. ಬಟನ್ ಸ್ಟಾರ್ಟ್ ಕಾರಿನ ರಿಮೋಟಿನೊಳಗೆ ಒಂದು ಲೋಹದ ಕೀಲಿ ಅಡಗಿರುತ್ತದೆ, ಅದನ್ನು ಹೊರಗೆಳೆದು ಚಾಲಕನ ಬಾಗಿಲು ತೆರೆದು ನೋಡಿದವರು ಬಹಳ ಕಡಿಮೆ. ಐದಾರು ವರ್ಷ ದಾಟಿದ ಮಗುವಿಗೆ ಮುಂದಿನ ಸೀಟಿಗೆ ಹತ್ತಿ ಬಂದು ಬಾಗಿಲ ಹಿಡಿ ಎಳೆಯುವುದನ್ನೂ ಹಾರ್ನ್ ಒತ್ತುವುದನ್ನೂ ಆಟದಂತೆ ಕಲಿಸಬಹುದು. ಮಗು ಸಿಕ್ಕಿಕೊಂಡೇಬಿಟ್ಟರೆ ಬೀಗದವನಿಗಾಗಿ ಕಾಯಬೇಡಿ. ಒಬ್ಬರು 112ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಮಗುವಿನಿಂದ ದೂರ ಇರುವ ಪಕ್ಕದ ಗಾಜಿನ ಮೂಲೆಗೆ ಹೊಡೆಯಲಿ. ಎದುರಿನ ಗಾಜು ಪದರ ಕೂಡಿಸಿದ್ದು, ಅದು ಬಿರಿಯುತ್ತದೆಯೇ ಹೊರತು ದಾರಿ ಬಿಡುವುದಿಲ್ಲ.

ಈಗ ರಿಪೇರಿಗೆ ಬರೋಣ. "ಬಿಸಿಎಂ ಹೋಗಿದೆ, ಬದಲಿಸಬೇಕು" ಎಂದು ಕಾರು ನೋಡಿದ ಐದೇ ನಿಮಿಷಕ್ಕೆ ಯಾರಾದರೂ ಹೇಳಿದರೆ ಒಪ್ಪಬೇಡಿ. ಬಿಸಿಎಂ ಕೆಡುವುದಿಲ್ಲವೆಂದಲ್ಲ. ಬ್ಯಾಟರಿ, ಅರ್ತ್, ನೀರು ಈ ಮೂರನ್ನೂ ನೋಡಿದ ಮೇಲಷ್ಟೇ ಅದರ ಮೇಲೆ ಅನುಮಾನ ಪಡಬೇಕು. ಒಂದೇ ಒಂದು ಕಿಟಕಿ ನಿಂತಿದ್ದರೆ ಆ ಕಿಟಕಿಯ ಸ್ವಿಚ್ಚು, ಮೋಟಾರು, ಇಲ್ಲವೇ ಬಾಗಿಲ ಕೀಲಿನ ಬಳಿ ರಬ್ಬರ್ ಕೊಳವೆಯೊಳಗೆ ಮಡಚಿ ಮಡಚಿ ತುಂಡಾದ ವಯರು ಕಾರಣ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ಸಂಗತಿಗಳು ಒಟ್ಟಿಗೇ ಕೆಟ್ಟರೆ ಎಲ್ಲದಕ್ಕೂ ಸಮಾನವಾದದ್ದನ್ನು ಹುಡುಕಬೇಕು, ಅಂದರೆ ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು, ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇದ್ದರೆ ಸರಿ. ಕರೆಂಟು ಇಳಿದಾಗ ಬಿಸಿಎಂ ಏನೇನೋ ಮಾಡುತ್ತದೆ, ಹೊಸ ಬ್ಯಾಟರಿ ಕೂರಿಸಿದ ಕೂಡಲೇ ಎಲ್ಲ ತಣ್ಣಗಾಗುತ್ತದೆ.

ಅರ್ತ್ ಪರೀಕ್ಷೆ ನಿಮ್ಮ ಎದುರಲ್ಲೇ ಮಾಡಿಸಿ. ಬಿಸಿಎಂನ ಕನೆಕ್ಟರ್ ಕಳಚಿ ಅದರ ಪ್ಲಸ್ ಮತ್ತು ಅರ್ತ್ ವಯರುಗಳಿಗೆ ಮೀಟರ್ ಹಿಡಿದರೆ 12 ವೋಲ್ಟ್ ತೋರಿಸೀತು, ಅಲ್ಲಿಗೆ ಪರೀಕ್ಷೆ ಮುಗಿಯಿತೆನ್ನುವವರಿದ್ದಾರೆ. ವಯರಿನ ಒಂದೇ ಎಳೆ ಉಳಿದಿದ್ದರೂ ಮೀಟರ್ ಅಷ್ಟೇ ತೋರಿಸುತ್ತದೆ. ನುರಿತ ಇಲೆಕ್ಟ್ರಿಷಿಯನ್ ಅದೇ ಎರಡು ತುದಿಗೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಸಿಕ್ಕಿಸುತ್ತಾನೆ. ಬಲ್ಬ್ ಬೆಳ್ಳಗೆ ಉರಿದರೆ ದಾರಿ ಸರಿಯಿದೆ. ಮಂಕಾಗಿ ಕೆಂಪಗೆ ಉರಿದರೆ ಎಲ್ಲೋ ತುಕ್ಕು ಹಿಡಿದಿದೆ, ಬಾಡಿಗೆ ಬಿಗಿದ ಅರ್ತ್ ಬೋಲ್ಟನ್ನು ಉಜ್ಜಿ ಬಿಗಿದರೆ ಕೆಲಸ ಮುಗಿದರೂ ಮುಗಿಯಿತು. ಕಡಲ ಗಾಳಿಯ ನಮ್ಮ ಊರಿನಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ.

ನೀರಿನ ಕಥೆ ಪಂಪ್‌ವೆಲ್ಲಿನವರಿಗೆ ಹೇಳಬೇಕಾಗಿಲ್ಲ. 2020ರ ಜನವರಿ 31ರಂದು ಮೇಲ್ಸೇತುವೆ ತೆರೆಯಿತು, ಆದರೆ ಜೋರು ಮಳೆಗೆ ಕೆಳಗಿನ ರಸ್ತೆಯಲ್ಲಿ ನೀರು ನಿಲ್ಲುವುದು ತಪ್ಪಲಿಲ್ಲ. ಕಂಕನಾಡಿ ಕಡೆಯಿಂದ ಇಳಿದು ಬಂದು ಮೊಣಕಾಲೆತ್ತರದ ನೀರಿನಲ್ಲಿ ಕಾರು ದಾಟಿಸಿದವರು, ಇಂಜಿನ್ ನಿಲ್ಲಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ವಾರ ಕಳೆದ ಮೇಲೆ ಲಾಕಿನ ತೊಂದರೆ ಶುರುವಾಗುತ್ತದೆ. ಹೊಳೆಯಂತಹ ರಸ್ತೆಯೇ ಬೇಕೆಂದಿಲ್ಲ. ಮಾವಿನ ಮರದಡಿ ನಿಲ್ಲಿಸಿದ ಕಾರಿನ ವೈಪರ್ ಬುಡದಲ್ಲಿ ಎಲೆ ಕೊಳೆತು ನೀರು ಇಳಿಯುವ ತೂತು ಕಟ್ಟಿಕೊಂಡರೆ, ಮಳೆನೀರು ಒಳದಾರಿ ಹಿಡಿದು ಡ್ಯಾಶ್‌ಬೋರ್ಡಿನ ಹಿಂದೆ ಇಳಿಯುತ್ತದೆ. ಮ್ಯಾಟ್ ತೆಗೆದರೆ ಸಾಲದು, ಅದರಡಿಯ ಕಾರ್ಪೆಟನ್ನು ಅಂಚಿನಿಂದ ಎಬ್ಬಿಸಿ ಒಳಗಿನ ಸ್ಪಂಜನ್ನು ಒತ್ತಿ ನೋಡಿ. ಬೆರಳ ಸಂದಿನಲ್ಲಿ ನೀರು ಜಿನುಗಿದರೆ ಬಿಸಿಎಂನ ಕನೆಕ್ಟರ್ ಬಿಚ್ಚಿಸಿ ನೋಡಿ, ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಕಂಡರೆ ಕಾರಣ ಸಿಕ್ಕಿತು. ನೀರು ಬರುವ ದಾರಿ ಮುಚ್ಚದೆ ಹೊಸ ಪೆಟ್ಟಿಗೆ ಹಾಕಿಸಿದರೆ ಮುಂದಿನ ಮಳೆಗಾಲಕ್ಕೆ ಅದೂ ಹೋಗುತ್ತದೆ. ಮಳೆಗೆ ಬೆಚ್ಚಗೆ ಬಂದು ಕೂರುವ ಇಲಿ ಕಚ್ಚಿದ ವಯರನ್ನೂ, ಹೊರಗಡೆ ಹಾಕಿಸಿದ ಫಾಗ್ ಲೈಟ್, ರಿವರ್ಸ್ ಕ್ಯಾಮೆರಾಗಳಿಗೆ ನಡುವೆ ಕೊಯ್ದು ಜೋಡಿಸಿದ ವಯರನ್ನೂ ಇದೇ ಹೊತ್ತಿಗೆ ನೋಡಿಸಿ.

ಇಷ್ಟಾದ ಮೇಲೆ ಸ್ಕ್ಯಾನರ್. ಫೋನಿಗೆ ಜೋಡಿಸುವ ಅಗ್ಗದ ಯಂತ್ರಗಳು ಹೆಚ್ಚಾಗಿ ಇಂಜಿನಿನ ಪಿ ಕೋಡುಗಳನ್ನಷ್ಟೇ ಓದುತ್ತವೆ. ಬಾಡಿಯ ಬಿ ಕೋಡು, ಪೆಟ್ಟಿಗೆಗಳ ನಡುವಿನ ಮಾತು ಕಡಿದಾಗ ಬರುವ ಯು ಕೋಡು ಓದಲು ಆ ಕಂಪೆನಿಯ ಕಾರಿಗೆ ಹೊಂದುವ ಸ್ಕ್ಯಾನರ್ ಬೇಕು. ಕೋಡು ಬಂತೆಂದು ಪೆಟ್ಟಿಗೆ ಕೆಟ್ಟಿತೆಂದು ತೀರ್ಮಾನಿಸಬಾರದು. ಬಾಗಿಲು ತೆರೆದಾಗ "ತೆರೆದಿದೆ" ಎಂದು ಪರದೆಯಲ್ಲಿ ಬರುತ್ತದೆಯೇ? ಸ್ಕ್ಯಾನರಿನಿಂದಲೇ ಲಾಕ್ ಹಾಕಲು ಹೇಳಿದಾಗ ಬಿಸಿಎಂನ ಪಿನ್ನಿನಲ್ಲಿ ಕರೆಂಟು ಹೊರಡುತ್ತದೆಯೇ? ಸುದ್ದಿ ಒಳಗೆ ಬರುತ್ತಿದೆ, ಪ್ಲಸ್ ಮತ್ತು ಅರ್ತ್ ಗಟ್ಟಿಯಾಗಿವೆ, ಬ್ಯಾಟರಿ ಕಳಚಿ ಅಳೆದರೆ ಕ್ಯಾನ್ ವಯರುಗಳ ನಡುವೆ 60 ಓಮ್ ಬರುತ್ತಿದೆ, ಆದರೂ ಪಿನ್ನಿನಲ್ಲಿ ಕರೆಂಟಿಲ್ಲ ಎಂದಾದರೆ ಬಿಸಿಎಂ ನಿಜಕ್ಕೂ ಹೋಗಿದೆ. ಆಗ ಬದಲಿಸಲು ಹಿಂಜರಿಯಬೇಡಿ.

ಬದಲಿಸುವಾಗ ಪಾರ್ಟ್ ನಂಬರಿನ ಕೊನೆಯ ಅಕ್ಷರದ ತನಕ ಹೊಂದಿಕೆಯಾಗಬೇಕು. ನೋಡಲು ಒಂದೇ ತರ ಇದ್ದರೂ ಒಂದು ಹಿಂದಿನ ವೈಪರ್ ಇರುವ ಮಾದರಿಯದು, ಇನ್ನೊಂದು ಇಲ್ಲದ್ದು ಆಗಿರಬಹುದು. ಗುಜರಿಯಿಂದ ತಂದ ಹಳೆಯ ಪೆಟ್ಟಿಗೆಯನ್ನು ಮಕ್ಕಳು ಕೂರುವ ಕಾರಿಗೆ ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಬೇರೆ ಕಾರಿನ ಚಾಸಿ ನಂಬರ್ ಕೂತಿರುತ್ತದೆ, ನೀರು ಕುಡಿದು ಗುಜರಿ ಸೇರಿದ ಕಾರಿನದೇ ಆಗಿದ್ದರೂ ಹೇಳುವವರಿಲ್ಲ. ಹೊಸದನ್ನು ಕೂರಿಸಿದ ಮೇಲೆ ನಿಮ್ಮ ಕಾರಿಗೆ ಕೋಡಿಂಗ್ ಆಗಬೇಕು, ಇಮ್ಮೊಬಿಲೈಸರ್ ಅದರಲ್ಲೇ ಇದ್ದರೆ ಕೀಲಿಗಳನ್ನೂ ಮತ್ತೆ ಪರಿಚಯಿಸಬೇಕು. ಮನೆಯಲ್ಲಿರುವ ಎರಡನೆಯ ಕೀಲಿಯನ್ನು ಮರೆಯದೆ ಕೊಂಡುಹೋಗಿ. ಕೋಡಿಂಗ್ ನಡೆಯುವಾಗ ಬ್ಯಾಟರಿಗೆ ಚಾರ್ಜರ್ ಜೋಡಿಸಿರಬೇಕು, ನಡುವೆ ಕರೆಂಟು ಇಳಿದರೆ ಹೊಸ ಪೆಟ್ಟಿಗೆಯೂ ನಿಷ್ಪ್ರಯೋಜಕವಾದೀತು.

ವಿಮೆಯ ಬಗ್ಗೆ ಒಂದು ಮಾತು. ತಾನಾಗಿ ಕೆಟ್ಟ ವಿದ್ಯುತ್ ಭಾಗಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರವಿಲ್ಲ, ನೆರೆನೀರಿನಿಂದಾದ ಹಾನಿ ಸಮಗ್ರ ವಿಮೆಯೊಳಗೆ ಬರುತ್ತದೆ. ಆದ್ದರಿಂದ ಕಾರು ನೀರಿನಲ್ಲಿ ಸಿಕ್ಕಿಕೊಂಡರೆ ಸ್ಟಾರ್ಟ್ ಮಾಡಲು ಹೋಗದೆ ಫೋಟೋ ತೆಗೆದು ಕಂಪೆನಿಗೆ ತಿಳಿಸಿ, ಸರ್ವೇಯರ್ ನೋಡುವ ಮೊದಲು ಏನನ್ನೂ ಬಿಚ್ಚಿಸಬೇಡಿ.

ಕಾರು ವಾಪಸ್ ಪಡೆಯುವಾಗ ಅವಸರ ಬೇಡ. ನಾಲ್ಕೂ ಬಾಗಿಲನ್ನು ರಿಮೋಟಿನಿಂದ, ಕೀಲಿಯಿಂದ, ಒಳಗಿನ ಹಿಡಿಯಿಂದ ಬೇರೆ ಬೇರೆಯಾಗಿ ತೆರೆದು ನೋಡಿ. ಏರ್‌ಬ್ಯಾಗ್ ದೀಪ ಇಂಜಿನ್ ಸ್ಟಾರ್ಟ್ ಆದ ಬಳಿಕ ಆರಬೇಕು. ಬ್ಯಾಟರಿ ಕಳಚಿದ ಮೇಲೆ ಎಷ್ಟೋ ಕಾರುಗಳಲ್ಲಿ ಪವರ್ ವಿಂಡೋಗೆ ತನ್ನ ಮೇಲ್ತುದಿ, ಕೆಳತುದಿಯನ್ನು ಹೊಸದಾಗಿ ಕಲಿಸಬೇಕಾಗುತ್ತದೆ, ಅಲ್ಲಿಯ ತನಕ ಕೈ ಅಡ್ಡ ಬಂದರೆ ಗಾಜು ಹಿಂದೆ ಸರಿಯುವ ವ್ಯವಸ್ಥೆ ಕೆಲಸ ಮಾಡದು. ಅದನ್ನು ಪರೀಕ್ಷಿಸಲು ಕೈ ಇಡಬೇಡಿ, ಸುರುಳಿ ಸುತ್ತಿದ ದಪ್ಪ ಪೇಪರ್ ಇಡಿ. ಹಲವು ಮಾದರಿಗಳಲ್ಲಿ ಈ ವ್ಯವಸ್ಥೆ ಇರುವುದು ಚಾಲಕನ ಕಿಟಕಿಗೆ ಮಾತ್ರ. ಮಕ್ಕಳ ಕಡೆಯ ಕಿಟಕಿಗೆ ಅದಿಲ್ಲವಾದರೆ ಚಾಲಕನ ಬಾಗಿಲಿನಲ್ಲಿರುವ ವಿಂಡೋ ಲಾಕ್ ಗುಂಡಿಯನ್ನು ಗ್ಯಾರೇಜಿನಿಂದ ಹೊರಡುವ ಮೊದಲೇ ಒತ್ತಿಡಿ.