ಮನೆಯಿಂದಲೇ ಆನ್‌ಲೈನ್ ಹರಾಜು: ತಿಳಿದು ಮಾಡತಕ್ಕ ಸಣ್ಣ ವ್ಯಾಪಾರ



ಹರಾಜೆಂಬುದು ನಮಗೆ ಹೊಸದಲ್ಲ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತವರೆಲ್ಲರೂ ಅದನ್ನು ಬಲ್ಲರು. ಗೂಡು ಸುರಿದಿಟ್ಟ ಕಡೆಗೆ ರೀಲರು ಬರುತ್ತಾನೆ, ಕೈಯಾಡಿಸಿ ನೋಡುತ್ತಾನೆ, ಆಮೇಲೆ ಬೆಲೆ ಕಟ್ಟುತ್ತಾನೆ. ಕೃಷಿ ಉತ್ಪನ್ನ ಮಾರುಕಟ್ಟೆಗಳಲ್ಲಿಯೂ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದ ಮೇಲೆ ವರ್ತಕರು ಕಂಪ್ಯೂಟರಿನಲ್ಲಿ ದರ ನಮೂದಿಸುವ ಪದ್ಧತಿ ಬಂದಿದೆ. ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡುವುದಿಲ್ಲವೆನ್ನುವ ಹಕ್ಕು ರೈತನದು. ಇದೇ ಹರಾಜನ್ನು ಮನೆಯಲ್ಲಿ ಕುಳಿತು, ಮೊಬೈಲಿನ ಮೂಲಕ, ಬೆಳೆಯಲ್ಲದ ಸಾಮಾನಿಗೆ ನಡೆಸುವುದು ಹೇಗೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಯಾವ ಸಾಮಾನು? ನಿಮ್ಮ ಅಟ್ಟ ಹತ್ತಿ ನೋಡಿ. ಪಾವು, ಅಚ್ಚೇರು, ಸೇರು, ಬಳ್ಳ ಇವುಗಳಲ್ಲಿ ಒಂದಾದರೂ ಧೂಳು ಹಿಡಿದು ಬಿದ್ದಿರುತ್ತದೆ. 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಮೆಟ್ರಿಕ್ ತೂಕ ಅಳತೆಗಳು ಬಂದ ಮೇಲೆ ಇವುಗಳಿಗೆ ಕೆಲಸ ತಪ್ಪಿತು. ಈಗ ಗುಜರಿಯವನು ಬಂದರೆ ಹಿತ್ತಾಳೆಯ ತೂಕಕ್ಕೆ ಕಾಸು ಎಣಿಸಿ ಒಯ್ಯುತ್ತಾನೆ. ಅದೇ ಪಾತ್ರೆಯನ್ನು, ಅದರ ಮೇಲಿರುವ ಸರ್ಕಾರದ ಮುದ್ರೆಯ ಸಲುವಾಗಿಯೇ, ಹುಡುಕಿಕೊಂಡು ಕೊಳ್ಳುವ ಸಂಗ್ರಾಹಕರು ಪಟ್ಟಣಗಳಲ್ಲಿದ್ದಾರೆ. ಹಳೆಯ ಅಂಚೆ ಚೀಟಿ, ಬೆಂಕಿಪೊಟ್ಟಣದ ಚಿತ್ರ, ಗ್ರಾಮಫೋನ್ ತಟ್ಟೆ, ಅಜ್ಜಿಯ ಕಾಲದ ಚನ್ನಪಟ್ಟಣದ ಗೊಂಬೆ, ಇವೂ ಇದೇ ಜಾತಿಯವು. ಮಾರುವವನಿಗೆ ಬೇಡದ್ದು, ಎಲ್ಲೋ ಇರುವ ಕೆಲವರಿಗೆ ಬಹಳ ಬೇಕಾದದ್ದು. ಹರಾಜಿಗೆ ಸರಿಹೊಂದುವುದು ಇಂಥದೇ. ರಾಗಿ, ಬೆಲ್ಲ, ಹುಣಿಸೆಹಣ್ಣುಗಳಿಗೆ ಊರೆಲ್ಲ ತಿಳಿದ ಧಾರಣೆ ಇದೆ. ಅವುಗಳನ್ನು ನಿಗದಿ ಬೆಲೆಗೆ ಮಾರುವುದೇ ಲೇಸು. ಹರಾಜಿಗಿಟ್ಟರೆ ಧಾರಣೆಗಿಂತ ಹೆಚ್ಚು ಕೊಡುವವರಾರು?

ನಮ್ಮ ಕಡೆಯಿಂದ ಹೋಗಿ ಬೆಂಗಳೂರಿನ ಹನುಮಂತನಗರದಲ್ಲಿ ನೆಲಸಿರುವ ಒಂದು ಮನೆಯವರು ಈ ಕಸುಬನ್ನು ಮಾಡುತ್ತಿದ್ದಾರೆ. ಕಡಲೆಕಾಯಿ ಪರಿಷೆಗೆ ಬಸವನಗುಡಿಗೆ ಹೋದವರಿಗೆ ಆ ಪ್ರದೇಶ ಗೊತ್ತೇ ಇದೆ. ರಾಮಾಂಜನೇಯ ಗುಡ್ಡದ ಸುತ್ತಿನ ಬೀದಿಗಳು. ಅವರಿಗೆ ಅಂಗಡಿಯೂ ಇಲ್ಲ, ಫಲಕವೂ ಇಲ್ಲ. ನಡುಮನೆಯ ಕಿಟಕಿಯ ಬಳಿ ಒಂದು ಬಿಳಿಯ ಪಂಚೆ ಹಾಸಿ, ಪಾತ್ರೆಯನ್ನಿಟ್ಟು ಚಿತ್ರ ತೆಗೆಯುತ್ತಾರೆ. ಸಂಗ್ರಾಹಕರ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ‘ಭಾನುವಾರ ರಾತ್ರಿ 9ಕ್ಕೆ ಮುಕ್ತಾಯ’ ಎಂದು ಬರೆಯುತ್ತಾರೆ. ಮನೆಯಾಕೆ ಲೆಕ್ಕ ಇಡುತ್ತಾರೆ, ಆಕೆಯ ಅತ್ತೆ ಹಳೆಯ ಅಳತೆಗಳ ಹೆಸರು ಹೇಳುತ್ತಾರೆ. ಅತ್ತೆಯವರ ಈ ತಿಳಿವಳಿಕೆಗೆ ಪಟ್ಟಣದಲ್ಲಿ ಬೆಲೆ ಬಂದುದನ್ನು ನೋಡಿ ನನಗೆ ಸಂತೋಷವಾಯಿತು. ಇಂಥ ಅತ್ತೆಯರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನರಿಲ್ಲ!

ಇನ್ನು ಬೆಲೆ ಏರುವ ಬಗೆ. ಇದನ್ನು ನಿಧಾನವಾಗಿ ಓದಬೇಕು. ಒಂದು ಹಿತ್ತಾಳೆ ಸೇರನ್ನು 300 ರೂಪಾಯಿಯಿಂದ ಹರಾಜಿಗಿಟ್ಟಿದ್ದೀರೆಂದು ಭಾವಿಸೋಣ. ಒಂದೊಂದು ಕೂಗಿಗೆ 25 ರೂಪಾಯಿ ಏರಬೇಕೆಂಬುದು ನಿಯಮ. ಒಬ್ಬನಿಗೆ 900ರ ವರೆಗೆ ಕೊಡುವ ಮನಸ್ಸಿದೆ, ಆದರೆ ಬೇರೆ ಯಾರೂ ಬರಲಿಲ್ಲ. ಆತ 300ಕ್ಕೇ ಒಯ್ಯುತ್ತಾನೆ. 650ರ ವರೆಗೆ ಮನಸ್ಸಿರುವ ಇನ್ನೊಬ್ಬನು ಬಂದರೆ ಬೆಲೆ 675ರ ಸುಮಾರಿಗೆ ನಿಲ್ಲುತ್ತದೆ. 850ರವನು ಮೂರನೆಯವನಾಗಿ ಬಂದರೆ 875. ನೋಡಿರಿ, ಪಾತ್ರೆ ಅದೇ, ಎಲ್ಲರಿಗಿಂತ ಹೆಚ್ಚು ಕೊಡುವವನೂ ಅವನೇ. ಬೆಲೆಯನ್ನು ನಿರ್ಧರಿಸಿದವನು ಎರಡನೆಯವನು. ಆದುದರಿಂದ ಮಾರುವವನ ಕೆಲಸವೆಂದರೆ ಎರಡನೆಯ, ಮೂರನೆಯ ಗಿರಾಕಿಯನ್ನು ಕರೆತರುವುದು. ಆರಂಭದ ಬೆಲೆ ತೀರ ಹೆಚ್ಚಾದರೆ ಅವರು ಹತ್ತಿರವೇ ಸುಳಿಯುವುದಿಲ್ಲ. ತೀರ ಕಡಿಮೆಯಾದರೆ, ಒಬ್ಬನೇ ಬಂದಾಗ ನಷ್ಟ. ಗುಜರಿಯವನು ಕೊಡುವ ಬೆಲೆಗೆ ನಿಮ್ಮ ಖರ್ಚನ್ನು ಸೇರಿಸಿ, ಅದಕ್ಕಿಂತ ಕೆಳಗೆ ಆರಂಭಿಸದಿರುವುದು ಸರಿಯಾದ ಮಾರ್ಗ.

ಗೂಡಿನ ಮಾರುಕಟ್ಟೆಯಲ್ಲಿ ರೀಲರು ಕೈಯಾಡಿಸಿ ನೋಡಬಲ್ಲ. ಇಲ್ಲಿ ಆ ಕೈ ಇಲ್ಲ. ನಿಮ್ಮ ಚಿತ್ರ, ನಿಮ್ಮ ಮಾತು ಇವೇ ಗಿರಾಕಿಯ ಕೈ. ಆದಕಾರಣ ಪಾತ್ರೆಯ ಮೇಲ್ಭಾಗ, ತಳ, ಒಳಗು, ಮುದ್ರೆ ಇವಿಷ್ಟರ ಚಿತ್ರವನ್ನೂ ಹಗಲು ಬೆಳಕಿನಲ್ಲಿ ತೆಗೆಯಬೇಕು. ಎತ್ತರ, ಬಾಯಿಯ ಅಗಲ, ತೂಕ ಬರೆಯಬೇಕು. ಬಿರುಕು, ತಗ್ಗು, ಬೆಸುಗೆ ಇದ್ದರೆ ಅದರ ಚಿತ್ರವನ್ನು ಮೊದಲು ಹಾಕಬೇಕು. ದೋಷ ಹೇಳಿದರೆ ಬೆಲೆ ಇಳಿದೀತೆಂಬ ಅಂಜಿಕೆ ಸಹಜ. ಆದರೆ ಮುಚ್ಚಿಟ್ಟ ಬಿರುಕು ಅಂಚೆಯಲ್ಲಿ ಹಿಂದಿರುಗಿ ಬಂದೀತು. ಹೋಗಿಬರುವ ಖರ್ಚೂ ನಿಮ್ಮದೇ, ಗುಂಪಿನಲ್ಲಿ ಕೆಟ್ಟ ಹೆಸರೂ ನಿಮ್ಮದೇ. ದೋಷವಿರುವ ಸಾಮಾನಿಗೂ ಕೊಳ್ಳುವವರಿದ್ದಾರೆ. ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ಎಂಬುವರು 1995ರಲ್ಲಿ ತೆರೆದ ಹರಾಜು ತಾಣದಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಕಡ್ಡಿ, 14.83 ಡಾಲರಿಗೆ. ಕೆಟ್ಟಿದೆಯೆಂದು ತಿಳಿದೇ ಕೊಂಡವನು ಕೊಂಡ. ಆ ತಾಣವೇ ಮುಂದೆ ಈಬೇ ಆಯಿತು.

ನಮ್ಮ ದೇಶದಲ್ಲಿ ಮುಂಬಯಿಯ ಬಾಜೀ ಎಂಬ ತಾಣ ಇದೇ ಕೆಲಸ ಮಾಡುತ್ತಿತ್ತು. 2004ರಲ್ಲಿ ಈಬೇ ಅದನ್ನು ಕೊಂಡಿತು. 2017ರಲ್ಲಿ ಈಬೇಯ ಭಾರತದ ವ್ಯಾಪಾರ ಬೆಂಗಳೂರಿನ ಫ್ಲಿಪ್‌ಕಾರ್ಟಿಗೆ ಸೇರಿ, 2018ರ ಆಗಸ್ಟಿನಲ್ಲಿ ಇಲ್ಲಿನ ಹರಾಜು ತಾಣ ಮುಚ್ಚಿತು. ಈಗ ಸಣ್ಣವರಿಗೆ ಉಳಿದಿರುವ ದಾರಿಗಳೆಂದರೆ ಸಂಗ್ರಾಹಕರ ಗುಂಪುಗಳು, ನಾಣ್ಯ ಮತ್ತು ಅಂಚೆ ಚೀಟಿಗಳ ಹರಾಜು ಸಂಸ್ಥೆಗಳು, ಹೊರದೇಶಕ್ಕೆ ಮಾರುವವರಿಗಾಗಿ ಇರುವ ಈಬೇ. ಹೊರದೇಶಕ್ಕೆ ಕಳುಹಿಸಲು ಆಮದು ರಫ್ತು ಸಂಕೇತ ಸಂಖ್ಯೆ ಪಡೆಯಬೇಕು. ಅಂಚೆ ಇಲಾಖೆಯ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳಲ್ಲಿ ರಫ್ತಿನ ಕಾಗದಪತ್ರಕ್ಕೆ ಸಹಾಯ ದೊರೆಯುತ್ತದೆ. ಮೊದಲ ವರ್ಷವೇ ಆ ಗೋಜಿಗೆ ಹೋಗುವುದು ಬೇಡವೆಂದು ನನ್ನ ಸಲಹೆ.

ಲೆಕ್ಕದ ಪುಸ್ತಕ ಮೊದಲ ದಿನದಿಂದಲೇ ಇರಬೇಕು. 675ಕ್ಕೆ ಹೋದ ಸೇರಿಗೆ ಪೆಟ್ಟಿಗೆ, ಹುಲ್ಲು, ಅಂಟುಪಟ್ಟಿಗೆ 40, ಅಂಚೆಗೆ 110, ಪೇಟೆಗೆ ಹೋಗಿಬರಲು 60 ಎಂದಿಟ್ಟುಕೊಂಡರೆ ಕೈಗೆ ಉಳಿದದ್ದು 465. ಅಂಚೆ ವೆಚ್ಚ ಕೊಳ್ಳುವವನದೆಂದು ಮೊದಲೇ ಬರೆದಿದ್ದರೆ 575 ಉಳಿಯುತ್ತಿತ್ತು. ನಾಲ್ಕು ಸಾಮಾನನ್ನು ಒಂದೇ ದಿನ ಅಂಚೆಗೆ ಒಯ್ದರೆ ಬಸ್ಸಿನ ಖರ್ಚು ಹಂಚಿಹೋಗುತ್ತದೆ. ಹಣ ಬ್ಯಾಂಕಿಗೆ ಸೇರಿದುದನ್ನು ನೋಡಿದ ಮೇಲೆಯೇ ಸಾಮಾನು ಕಳುಹಿಸತಕ್ಕದ್ದು. ಹಣ ಬಂದಿದೆಯೆಂದು ಗಿರಾಕಿ ಕಳಿಸಿದ ಚಿತ್ರವನ್ನು ನಂಬಬಾರದು.

ಅಟ್ಟ ಬರಿದಾದ ಮೇಲೆ ವ್ಯಾಪಾರ ಬೆಳೆಯುವುದು ನೆರೆಹೊರೆಯಿಂದ. ನೆರೆಯವರ ಸಾಮಾನನ್ನು ಕಮಿಷನ್ನಿಗೆ ಮಾರಿಕೊಡಬಹುದು. ಆದರೆ ‘ಇಷ್ಟಕ್ಕೆ ಕಡಿಮೆ ಕೊಡಬಾರದು, ಇಷ್ಟು ನನ್ನ ಪಾಲು’ ಎಂದು ಕಾಗದದಲ್ಲಿ ಬರೆದು ಇಬ್ಬರೂ ರುಜು ಹಾಕಬೇಕು. ಸೇರಿನ ಸಲುವಾಗಿ ನೆಂಟಸ್ತಿಕೆ ಕೆಡಬಾರದಷ್ಟೆ. ಗುಜರಿ ಅಂಗಡಿಯಿಂದ ಕೊಳ್ಳುವುದಾದರೆ ಹಿಂದಿನ ಲಾಭದಿಂದ ಕೊಳ್ಳಿ, ಸಾಲದಿಂದ ಬೇಡ. ಯಾವ ಸಾಮಾನಿಗೆ ಯಾವ ಬೆಲೆ ಬಂದಿತೆಂಬುದನ್ನು ಆರು ತಿಂಗಳು ಬರೆದಿಟ್ಟವರಿಗೆ ಕೊಳ್ಳುವಾಗ ಕಣ್ಣು ತಾನೇ ಪಳಗುತ್ತದೆ.

ಕಾಯಿದೆಯ ಮಾತನ್ನು ಮರೆಯುವಂತಿಲ್ಲ. ನೂರು ವರ್ಷಕ್ಕೆ ಕಡಿಮೆಯಿಲ್ಲದ ವಿಗ್ರಹ, ನಾಣ್ಯ, ಕಲಾವಸ್ತುಗಳೂ, 75 ವರ್ಷಕ್ಕೆ ಕಡಿಮೆಯಿಲ್ಲದ ಬೆಲೆಯುಳ್ಳ ಹಸ್ತಪ್ರತಿಗಳೂ 1972ರ ಪುರಾವಸ್ತು ಕಾಯಿದೆಗೆ ಒಳಪಡುತ್ತವೆ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವುದೂ, ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದೂ ಅಪರಾಧ. ಮನೆದೇವರ ಹಳೆಯ ಮೂರ್ತಿ, ಓಲೆಗರಿಯ ಕಟ್ಟು ಇವುಗಳ ಗೊಡವೆಗೆ ಹೋಗಬೇಡಿ. ಉಳುವಾಗ ನೇಗಿಲಿಗೆ ನಾಣ್ಯದ ಗಡಿಗೆ ಸಿಕ್ಕಿದರೆ ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. ಅದು ಹರಾಜಿನ ಮಾಲಲ್ಲ.

ನನಗೆ ಹೆಚ್ಚು ಚಿಂತೆಯಿರುವುದು ಇನ್ನೊಂದು ವಿಷಯದಲ್ಲಿ. ‘ಟ್ರ್ಯಾಕ್ಟರ್ ಚಿತ್ರದ ಹಳೆಯ 5 ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂಬಂಥ ಸಂದೇಶಗಳು ಹಳ್ಳಿಹಳ್ಳಿಗೆ ಬರುತ್ತಿವೆ. ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿ ಶುಲ್ಕ, ಕಮಿಷನ್, ತೆರಿಗೆ ಎಂದು ಸುಲಿಯುವವರಿದ್ದಾರೆ. ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದು ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಿಸಿತು. ಮಾರುವವನು ಮೊದಲೇ ಹಣ ಕಟ್ಟಬೇಕೆಂದು ಕೇಳುವ ಅಪರಿಚಿತನು ಕೊಳ್ಳಲು ಬಂದವನಲ್ಲ. ಹಣ ಪಡೆಯಲು ಪಿನ್ ಒತ್ತಬೇಕಾಗಿಯೂ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಮೋಸವಾದರೆ ಆ ಗಳಿಗೆಯಲ್ಲಿಯೇ 1930ಕ್ಕೆ ಕರೆ ಮಾಡಬೇಕು. ನಾಚಿಕೆಪಟ್ಟು ಎರಡು ದಿನ ಸುಮ್ಮನಿದ್ದರೆ ಹಣ ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ.

ಚಿತ್ರ ತೆಗೆಯುವುದನ್ನೂ ವಿವರ ಬರೆಯುವುದನ್ನೂ ಕಲಿಯಬೇಕೆನ್ನುವವರು ಗುರುವಾರ ಮಧ್ಯಾಹ್ನ ಪಂಚಾಯಿತಿ ಕಛೇರಿಗೆ ಬರಬಹುದು. ಮನೆಗೊಂದು ಪಾತ್ರೆ ತಂದರೆ ಸಾಕು. ಅದನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ತರಬೇಡಿ. ಹಳೆಯ ಬಣ್ಣ ಹೋದರೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ.