ಇಸವಿಯಿಲ್ಲದ ನಾಣ್ಯ: ವೆನಿಸ್‌ನ ಡುಕಾಟ್ ಮೂಲಕ ಆಧಾರಗಳ ಬೋಧನೆ

ಒಂಬತ್ತನೇ ತರಗತಿಯ ಅಭ್ಯಾಸ ಬೋಧನೆ. ಇತಿಹಾಸದ ಆಧಾರಗಳ ಪಾಠ. ಪ್ರಶಿಕ್ಷಣಾರ್ಥಿಯು ವೆನಿಸ್‌ನ ಚಿನ್ನದ ನಾಣ್ಯ ಡುಕಾಟ್‌ನ ಚಿತ್ರಪಟ ತೂಗುಹಾಕಿ, "ನಾಣ್ಯಗಳು ನಮಗೆ ಕಾಲವನ್ನು ತಿಳಿಸುತ್ತವೆ" ಎಂದು ಕಪ್ಪುಹಲಗೆಯ ಮೇಲೆ ಬರೆದರು. ಹಿಂದಿನ ಸಾಲಿನ ಹುಡುಗಿ ಎದ್ದು, "ಸಾರ್, ಇದರಲ್ಲಿ ಇಸವಿ ಎಲ್ಲಿದೆ?" ಎಂದಳು. "ಪಾಠದ ಕೊನೆಗೆ ಹೇಳುತ್ತೇನೆ" ಎಂದ ಅವರು ಕೊನೆಗೂ ಹೇಳಲಿಲ್ಲ. ವೀಕ್ಷಣಾ ಹಾಳೆಯಲ್ಲಿ ನಾನು ಗುರುತಿಸಿದ ದೋಷ ಇದೊಂದೇ, ಆದರೆ ಸಣ್ಣದಲ್ಲ. ಆ ಪ್ರಶ್ನೆಯೇ ಅಂದಿನ ಪಾಠವಾಗಬೇಕಿತ್ತು. ಅದನ್ನು ಹಾಗೆ ಕಟ್ಟುವ ಬಗೆ ಇಲ್ಲಿದೆ.

ವಿಷಯಾಂಶ

ವೆನಿಸ್ ವ್ಯಾಪಾರದ ನಗರ ಗಣರಾಜ್ಯ. ಅದರ ಮುಖ್ಯಸ್ಥ ದೊಜೆ. ಆಯ್ಕೆಯಾದವನು ಸಾಮಾನ್ಯವಾಗಿ ಜೀವನಪೂರ್ತಿ ಅಧಿಕಾರದಲ್ಲಿರುತ್ತಿದ್ದ. 1252ರಲ್ಲಿ ಫ್ಲಾರೆನ್ಸ್ ನಗರ ಚಿನ್ನದ ಫ್ಲೋರಿನ್ ಹೊರಡಿಸಿತು. 1284ರಲ್ಲಿ, ದೊಜೆ ಜೊವಾನ್ನಿ ದಾಂದೊಲೊ ಕಾಲದಲ್ಲಿ, ವೆನಿಸ್ ಡುಕಾಟ್ ಅಚ್ಚುಹಾಕಿತು. ತೂಕ ಸುಮಾರು 3.5 ಗ್ರಾಂ, ಹೆಚ್ಚುಕಡಿಮೆ ಅಪ್ಪಟ ಚಿನ್ನ. ಒಂದು ಬದಿಯಲ್ಲಿ ನಗರದ ರಕ್ಷಕ ಸಂತ ಮಾರ್ಕ, ಮಂಡಿಯೂರಿದ ದೊಜೆಗೆ ಧ್ವಜ ನೀಡುತ್ತಿದ್ದಾನೆ. ಇನ್ನೊಂದು ಬದಿಯಲ್ಲಿ ನಕ್ಷತ್ರಗಳ ನಡುವೆ ಕ್ರಿಸ್ತ. 1797ರಲ್ಲಿ ನೆಪೋಲಿಯನ್ನನ ಎದುರು ಗಣರಾಜ್ಯ ಕುಸಿಯುವವರೆಗೂ ಈ ವಿನ್ಯಾಸ ಬಹುಮಟ್ಟಿಗೆ ಬದಲಾಗಲಿಲ್ಲ. ಕಾರಣ ಸರಳ: ದೂರದ ವ್ಯಾಪಾರಿಗೆ ಲ್ಯಾಟಿನ್ ಓದಲು ಬಾರದಿದ್ದರೂ ಪರಿಚಿತ ಚಿತ್ರ ಕಂಡರೆ ನಂಬಿಕೆ ಬರುತ್ತಿತ್ತು.

ಹಂತ 1: ನೋಡುವುದು

ಗುಂಪಿಗೆ ಎರಡು ಚಿತ್ರಕಾರ್ಡು ಕೊಡಿ: ಒಂದು ಜೊವಾನ್ನಿ ದಾಂದೊಲೊ ಕಾಲದ್ದು, ಇನ್ನೊಂದು ಕೊನೆಯ ದೊಜೆ ಲುಡೊವಿಕೊ ಮಾನಿನ್ ಕಾಲದ್ದು. "ಎರಡರ ನಡುವೆ ಎಷ್ಟು ವರ್ಷ ಇರಬಹುದು?" ಎಂದು ಕೇಳಿ. ಚಿತ್ರ ಒಂದೇ ಆದ್ದರಿಂದ ಮಕ್ಕಳು ಹತ್ತಿಪ್ಪತ್ತು ವರ್ಷ ಎನ್ನಬಹುದು. ತಿದ್ದಬೇಡಿ, ಉತ್ತರವನ್ನು ಹಲಗೆಯ ಮೇಲೆ ಬರೆದಿಡಿ.

ಹಂತ 2: ಓದುವುದು

ಈಗ ದೊಜೆಯ ಆಕೃತಿಯ ಪಕ್ಕದ ಅಕ್ಷರಗಳನ್ನು ಹುಡುಕಿಸಿ. ಅದು ದೊಜೆಯ ಹೆಸರು. ದೊಜೆಗಳ ಆಳ್ವಿಕೆಯ ಪಟ್ಟಿ ಕೊಡಿ. ಇಲ್ಲೊಂದು ತೊಡಕಿದೆ: ದಾಂದೊಲೊ ಮನೆತನದಿಂದ ನಾಲ್ವರು ದೊಜೆಗಳಾದರು. ಎನ್ರಿಕೊ 1205ರಲ್ಲೇ ತೀರಿಕೊಂಡಿದ್ದ. ಆಗ ಡುಕಾಟ್ ಇರಲಿಲ್ಲ. ಉಳಿದವರು ಜೊವಾನ್ನಿ, ಫ್ರಾಂಚೆಸ್ಕೊ, ಆಂದ್ರೆಯಾ. ಆದ್ದರಿಂದ ಮನೆತನದ ಹೆಸರಿನ ಹಿಂದಿರುವ ಮೊಟಕು ಅಕ್ಷರಗಳನ್ನೂ ಓದಲೇಬೇಕು. ಆಂದ್ರೆಯಾ ಎಂದಾದರೆ ನಾಣ್ಯ 1343ರಿಂದ 1354ರ ನಡುವಿನದು. ಇಸವಿ ಸಿಗಲಿಲ್ಲ, ಅವಧಿ ಸಿಕ್ಕಿತು. ಆ ಹುಡುಗಿಗೆ ಸಲ್ಲಬೇಕಾಗಿದ್ದ ಉತ್ತರ ಇದೇ.

ಹಂತ 3: ಹೋಲಿಸುವುದು

ಮಕ್ಕಳಿಗೆ ಗೊತ್ತಿರುವ ನಿಕೊಲೊ ಕಾಂಟಿಯನ್ನು ಇಲ್ಲಿ ತನ್ನಿ. ವಿಜಯನಗರವನ್ನು ಕಂಡ ಈ ವೆನಿಸ್ ವ್ಯಾಪಾರಿಯ ಅನುಭವವನ್ನು ಪೋಜ್ಜಿಯೊ ಬ್ರಾಚ್ಚೊಲಿನಿ ಬರೆದಿಟ್ಟ. ಭಾರತದ ಒಂದು ಭಾಗದಲ್ಲಿ ವೆನಿಸ್‌ನ ಡುಕಾಟ್ ಚಲಾವಣೆಯಲ್ಲಿದೆ ಎಂಬ ಮಾತು ಅದರಲ್ಲಿದೆ. ದಕ್ಷಿಣ ಭಾರತದಲ್ಲಿ ಸಿಕ್ಕಿರುವ ಡುಕಾಟ್‌ಗಳು ಅದಕ್ಕೆ ಪುಷ್ಟಿ ಕೊಡುತ್ತವೆ. ಸಾಹಿತ್ಯಿಕ ಆಧಾರ, ಪ್ರಾಕ್ತನ ಆಧಾರ ಎಂಬ ಪದಗಳನ್ನು ಈ ಹಂತದಲ್ಲಿ ಪರಿಚಯಿಸಿ, ಮೊದಲೇ ಬೇಡ.

ವಿಜಯನಗರದ ವರಹದ ತೂಕ ಸುಮಾರು 3.4 ಗ್ರಾಂ. "ಹಾಗಾದರೆ ವರಹ ಡುಕಾಟ್‌ನ ನಕಲೇ?" ಎಂದು ಕೇಳಿ. ತೂಕ ಹತ್ತಿರವಿದ್ದ ಮಾತ್ರಕ್ಕೆ ನಕಲು ಎನ್ನಲಾಗದು; ಬೇರೆ ಆಧಾರ ಬೇಕು. ನಿಜವಾದ ನಕಲಿನ ಗುರುತು ಬೇರೆ: ಲ್ಯಾಟಿನ್ ಅರಿಯದವರು ಅಚ್ಚುಹಾಕಿದ ಡುಕಾಟ್‌ಗಳಲ್ಲಿ ಚಿತ್ರವಿದೆ, ಅಕ್ಷರ ಮಾತ್ರ ಅರ್ಥವಿಲ್ಲದ ಗೀಟುಗಳಾಗಿವೆ.

ಹಂತ 4: ಸಂಗ್ರಹದ ಪ್ರಶ್ನೆ

ಇಟಲಿಯ ದೊರೆ ಮೂರನೇ ವಿಕ್ಟರ್ ಇಮ್ಯಾನ್ಯುಯಲ್ ಇಟಲಿಯ ನಾಣ್ಯಗಳನ್ನು ಕೂಡಿಹಾಕಿದ. ಅವುಗಳ ವಿವರಪಟ್ಟಿ 1910ರಿಂದ 1943ರವರೆಗೆ 20 ಸಂಪುಟಗಳಲ್ಲಿ ಹೊರಬಂತು. ಸಂಗ್ರಹವನ್ನು ಆತ ರಾಷ್ಟ್ರಕ್ಕೆ ಬಿಟ್ಟುಕೊಟ್ಟ. ಹೀಗೆ ದಾಖಲಾದ ಸಂಗ್ರಹ ಆಧಾರವಾಗುತ್ತದೆ. ಎಲ್ಲಿ ಸಿಕ್ಕಿತೆಂದು ಬರೆದಿಡದ ನಾಣ್ಯ ಅರ್ಧ ಮೂಕ.

ಭಾರತದಲ್ಲಿ ಉಳಿದ ಹಲವು ಡುಕಾಟ್‌ಗಳಿಗೆ ತೂತು ಅಥವಾ ಕೊಂಡಿ ಇದೆ. ಮಾರುವವನಿಗೆ ಅದು ಊನ. ಕಾಸಿನ ಸರ ಕಂಡಿರುವ ನಮ್ಮ ಮಕ್ಕಳಿಗೆ ಅದು ಸುಳಿವು: ಹಣವಾಗಿ ಬಂದದ್ದು ಒಡವೆಯಾಗಿ ಕೊರಳು ಸೇರಿತು.

ಮೌಲ್ಯಮಾಪನ

"ಡುಕಾಟ್ ಯಾವಾಗ ಆರಂಭವಾಯಿತು?" ಎಂಬ ಪ್ರಶ್ನೆಗೆ ಒಂದಂಕ ಸಾಕು. ಹೆಚ್ಚಿನ ಅಂಕ ಇದಕ್ಕಿರಲಿ: ಕಾರ್ಡು ನೋಡಿ, "ಇದರಿಂದ ಖಚಿತವಾಗಿ ಹೇಳಬಹುದಾದದ್ದು, ಊಹಿಸಬಹುದಾದದ್ದು, ಹೇಳಲಾಗದ್ದು" ಎಂಬ ಮೂರು ಕಲಮು ತುಂಬಿಸುವುದು. ಹಂತ 1ರಲ್ಲಿ ಹಲಗೆಯ ಮೇಲೆ ಬರೆದಿಟ್ಟ ಉತ್ತರವನ್ನು ಮಕ್ಕಳೇ ಈಗ ತಿದ್ದಲಿ: ಹತ್ತಿಪ್ಪತ್ತಲ್ಲ, 500 ವರ್ಷ.

ಒಂದು ಎಚ್ಚರಿಕೆ. ಪಾಠದ ಮರುದಿನ ಮಕ್ಕಳು ಹಳೆಯ ಕಾಸು ತರುವುದುಂಟು. ತಿಕ್ಕಿ ತೊಳೆಯಬೇಡಿ ಎಂದು ಮೊದಲೇ ಹೇಳಿ; ಎಲ್ಲಿ ಸಿಕ್ಕಿತೆಂದು ಬರೆಸಿ. ನೆಲದಲ್ಲಿ ಸಿಕ್ಕ ನಿಧಿಯಾದರೆ ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಾನೂನನ್ನೂ ಅಲ್ಲೇ ಹೇಳಿ.

ಪ್ರಶಿಕ್ಷಣಾರ್ಥಿಗಳಿಗೆ ಕೊನೆಯ ಮಾತು: ಹಿಂದಿನ ಸಾಲಿನಿಂದ ಪ್ರಶ್ನೆ ಬಂದಾಗ ಪಾಠಯೋಜನೆಯನ್ನು ಮಡಚಿಡಲು ಹಿಂಜರಿಯಬೇಡಿ. ಯೋಜನೆಯ ಉದ್ದೇಶವೇ ಆ ಪ್ರಶ್ನೆಯನ್ನು ಹೊರಡಿಸುವುದು.